ಆಟ ಸಾಕು ಎನ್ನುವ ಮಗುವಿನ ಮಾತು

ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ತೋಟದ ಹೂವೆಲ್ಲ ಕಂದಿ ಉದುರುವ ಹೊತ್ತಿಗೆ ಹಾಕಿಯ ದಿನಗಳು ಆರಂಭವಾಗುತ್ತವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನು ಸೇರಿಸಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವು 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಡೆದಾಗ 360 ಕುಟುಂಬಗಳು ಕಣಕ್ಕಿಳಿದಿದ್ದವು. ಗಿನ್ನೆಸ್ ದಾಖಲೆಗೂ ಅದು ಸೇರಿತು. ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದವರು ನಡೆಸಿಕೊಟ್ಟಾಗ ಸಂಖ್ಯೆ 396ಕ್ಕೆ ಏರಿತು. ಈ ಅಂಕಿಗಳನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಅವುಗಳ ಒಳಗೆ ಇನ್ನೊಂದು ಲೆಕ್ಕವಿದೆ. ಸೋತವರು ಹೊರನಡೆಯುವ ನಾಕೌಟ್ ಪದ್ಧತಿಯಲ್ಲಿ 360 ತಂಡಗಳು ಆಡಿದರೆ 359 ತಂಡಗಳು ಸೋತೇ ಮನೆಗೆ ಹೋಗಬೇಕು. ಅವುಗಳಲ್ಲಿ ಎಷ್ಟೋ ತಂಡಗಳು ಒಂದೇ ಒಂದು ಪಂದ್ಯವಾಡಿ ಹಿಂದಿರುಗುತ್ತವೆ. ಆದರೂ ಮುಂದಿನ ವರ್ಷ ಅದೇ ಕುಟುಂಬಗಳು ಮತ್ತೆ ಬರುತ್ತವೆ. ನರೆತ ತಲೆಯ ದೊಡ್ಡಪ್ಪ, ಮದುವೆಯಾಗಿ ಬಂದ ಸೊಸೆ, ಇನ್ನೂ ಶಾಲೆಗೆ ಹೋಗುವ ಹುಡುಗ ಒಂದೇ ಬಣ್ಣದ ಜೆರ್ಸಿ ತೊಟ್ಟು ಒಂದೇ ಕಡೆ ಆಡುತ್ತಾರೆ. ಸೋಲನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ, ಇಷ್ಟು ಸಲೀಸಾಗಿ ಅರಗಿಸಿಕೊಳ್ಳುವ ಕ್ರೀಡಾಕೂಟ ನಮ್ಮ ನಾಡಿನಲ್ಲಿ ಮತ್ತೊಂದಿರಲಾರದು ಎಂದು ನಾನು ನಂಬಿದ್ದೇನೆ.

ಇದೇ ಜಿಲ್ಲೆಯಲ್ಲಿ, ಇದೇ ಆಟವನ್ನು ಹನ್ನೆರಡು ವರ್ಷದ ಮಗು ಸೆಲೆಕ್ಷನ್ ಟ್ರಯಲ್ಸ್‌ನಲ್ಲಿ ಆಡುವಾಗ ನೋಡಿದವರಿಗೆ ಅದು ಬೇರೆಯೇ ಆಟವೆನಿಸುತ್ತದೆ. ಅಲ್ಲಿ ಮಗು ಚೆಂಡನ್ನು ತಪ್ಪಿಸಿಕೊಂಡ ಕೂಡಲೇ ಮೊದಲು ನೋಡುವುದು ಚೆಂಡು ಹೋದ ದಿಕ್ಕನ್ನಲ್ಲ, ಗೆರೆಯ ಆಚೆ ನಿಂತ ಅಪ್ಪನ ಮುಖವನ್ನು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬಾಲಕಿಯರ ತಂಡ ಹೊರಗೆ ಹೋಗುವಾಗ ಜೊತೆಗೆ ಒಬ್ಬ ಶಿಕ್ಷಕಿ ಇರಬೇಕೆಂಬ ಕಾರಣದಿಂದ ಹಲವು ವರ್ಷಗಳಿಂದ ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಪಂದ್ಯಗಳಿಗೆ ಮಕ್ಕಳ ಜೊತೆ ಹೋಗುತ್ತಿದ್ದೇನೆ. ನನಗೆ ಹಾಕಿಯ ತಂತ್ರಗಳು ಹೆಚ್ಚು ತಿಳಿಯವು. ಆದ್ದರಿಂದಲೋ ಏನೋ, ಪಂದ್ಯಕ್ಕಿಂತ ಹೆಚ್ಚಾಗಿ ನಾನು ಮಕ್ಕಳ ಕಣ್ಣು ಹೋಗುವ ದಿಕ್ಕನ್ನೇ ಗಮನಿಸುತ್ತೇನೆ. ಮಗು ತನ್ನ ಆಟದ ತೀರ್ಪನ್ನು ತನ್ನೊಳಗೆ ಹುಡುಕದೆ ಗೆರೆಯಾಚೆ ಹುಡುಕಲು ಕಲಿತಿದೆಯೆಂದರೆ, ಆ ಆಟ ಮಗುವಿನ ಕೈಯಿಂದ ದೊಡ್ಡವರ ಕೈಗೆ ಹೋಗಿದೆಯೆಂದೇ ಅರ್ಥ.

ಗೆರೆಯಾಚೆ ಕೇಳಿಬರುವ ಮಾತುಗಳಲ್ಲಿ ಬೈಗುಳ ಕಡಿಮೆ, ಅದನ್ನು ಒಪ್ಪಿಕೊಳ್ಳಬೇಕು. ನಮ್ಮ ಜನ ಸಾಮಾನ್ಯವಾಗಿ ಮೈದಾನದಲ್ಲಿ ಮರ್ಯಾದೆ ಕಾಯುವವರು. ಭಾರವಿರುವುದು ಮಂದ ದನಿಯಲ್ಲಿ ಬರುವ ಸೂಚನೆಗಳಲ್ಲಿ. ‘ರೈಟ್‌ಗೆ ಕೊಡು’, ‘ನೀನೇ ಹೊಡಿ’, ‘ಹಿಂದೆ ಬಾ’ ಎಂದು ಅಪ್ಪ ಒಂದು ಕಡೆಯಿಂದ, ಕೋಚ್ ಇನ್ನೊಂದು ಕಡೆಯಿಂದ ಹೇಳುತ್ತಿರುವಾಗ ನಡುವೆ ಓಡುವ ಮಗುವಿಗೆ ತಾನೇ ಯೋಚಿಸಲು ಎಡೆಯೇ ಇರುವುದಿಲ್ಲ. ಪಂದ್ಯ ಮುಗಿದ ಮೇಲೆ ಜೀಪಿನಲ್ಲಿ ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಪಂದ್ಯ ಇನ್ನೊಮ್ಮೆ ನಡೆಯುತ್ತದೆಂದು ಮಕ್ಕಳೇ ನನಗೆ ಹೇಳಿದ್ದಾರೆ. ಸೋತ ದಿನ ಅಪ್ಪ ಮಾತನಾಡದೆ ಕಾರು ಓಡಿಸಿದರೆ ಅದು ಬೈದಿದ್ದಕ್ಕಿಂತ ಕಷ್ಟವೆಂದೂ ಹೇಳಿದ್ದಾರೆ.

ಕೊಡಗಿನ ಮಗುವಿನ ಮೇಲೆ ಬೀಳುವ ಒತ್ತಡಕ್ಕೆ ಇಲ್ಲಿಯದೇ ಆದ ಒಂದು ಮೂಲವಿದೆ, ಅದು ನಮ್ಮ ಹೆಮ್ಮೆಯೇ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ಆಮೇಲೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ಸೋಮವಾರಪೇಟೆಯಿಂದ ಹೋಗಿ ಎರಡು ಒಲಿಂಪಿಕ್ಸ್ ಆಡಿದ ಎಸ್.ವಿ. ಸುನಿಲ್ ಇವರ ಹೆಸರುಗಳನ್ನು ನಮ್ಮ ಮಕ್ಕಳು ಮಗ್ಗಿಗಿಂತ ಮೊದಲೇ ಕಲಿಯುತ್ತಾರೆ. ಶಾಲೆಯ ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳೆಲ್ಲ ‘ಈ ಮಣ್ಣಿನಲ್ಲೇ ಹಾಕಿ ಇದೆ’ ಎಂದು ಹೇಳಿ ಹೋಗುತ್ತಾರೆ. ಕೇಳಲು ಚೆನ್ನಾಗಿರುವ ಈ ಮಾತು, ಚೆಂಡು ನಿಲ್ಲಿಸಲು ಬಾರದ ಮಗುವಿನ ಮೇಲೆ ಎಂಥ ಕೆಲಸ ಮಾಡುತ್ತದೆಂದು ಯಾರೂ ಯೋಚಿಸುವುದಿಲ್ಲ. ಮಣ್ಣಿನಲ್ಲೇ ಇರುವುದು ತನ್ನಲ್ಲಿ ಮಾತ್ರ ಇಲ್ಲವೆಂದರೆ ತನ್ನಲ್ಲೇ ಏನೋ ಕೊರತೆ ಇರಬೇಕೆಂದು ಆ ಮಗು ತೀರ್ಮಾನಿಸಿಕೊಳ್ಳುತ್ತದೆ.

ಆ ಹಿರಿಯರ ಬದುಕನ್ನೇ ಸ್ವಲ್ಪ ಹತ್ತಿರದಿಂದ ನೋಡಿದರೆ ನಮ್ಮ ಅವಸರಕ್ಕೆ ಅಲ್ಲಿ ಆಧಾರ ಸಿಗುವುದಿಲ್ಲ. 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ಗಣೇಶ್ ಹುಡುಗರಾಗಿದ್ದಾಗ ಆಡಿದ್ದು ಫುಟ್‌ಬಾಲ್. ಹಾಕಿಯಲ್ಲಿ ಅವರು ಹೆಸರು ಮಾಡಿದ್ದು ಸೇನೆಗೆ ಸೇರಿದ ಮೇಲೆ. 2024ರ ಜನವರಿಯಲ್ಲಿ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಮೊದಲನೆಯ ಸ್ಥಾನಕ್ಕೇರಿದ, ಕೊಡಗಿನವರೇ ಆದ ರೋಹನ್ ಬೋಪಣ್ಣ ಟೆನಿಸ್ ಹಿಡಿದದ್ದು ಹನ್ನೊಂದರ ವಯಸ್ಸಿನಲ್ಲಿ. ಹಾಕಿ, ಫುಟ್‌ಬಾಲ್ ಎರಡರಲ್ಲೂ ಅವರಿಗೆ ಆಸಕ್ತಿಯಿತ್ತು. ಅವರನ್ನು ಟೆನಿಸ್‌ನ ಕಡೆ ತಿರುಗಿಸಿದ್ದು ಅವರ ತಂದೆಯ ಇಚ್ಛೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ತಂದೆ ತಾಯಿಯರ ಆಸೆಯೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಯಾರೋ ಒಬ್ಬರು ರಾಕೆಟ್ ಕೊಡಿಸದಿದ್ದರೆ, ಬೆಳಗಿನ ಜಾವ ಎಬ್ಬಿಸಿ ಮೈದಾನಕ್ಕೆ ಬಿಡದಿದ್ದರೆ ಯಾವ ಆಟಗಾರನೂ ಹುಟ್ಟುವುದಿಲ್ಲ. ನನ್ನ ಪ್ರಶ್ನೆ ಇರುವುದು ಆಸೆಯ ಮುಂದಿನ ಹೆಜ್ಜೆಯಲ್ಲಿ: ಆ ಆಸೆಗೆ ‘ಬೇಡ’ ಎಂಬ ಉತ್ತರ ಬಂದರೆ ಅದನ್ನು ಕೇಳಿಸಿಕೊಳ್ಳಲು ಮನೆಯಲ್ಲಿ ಜಾಗವಿದೆಯೇ?

ಒತ್ತಡ ಎಲ್ಲ ಮನೆಗಳಲ್ಲೂ ಒಂದೇ ರೀತಿಯದಲ್ಲ. ತೋಟವಿರುವ ಮನೆಯ ಮಗುವಿಗೆ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರಿನ ಭಾರ, ಅಜ್ಜನ ಕಾಲದ ಕಪ್‌ಗಳನ್ನು ಜೋಡಿಸಿಟ್ಟ ಗಾಜಿನ ಬೀರುವಿನ ಭಾರ. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯಿಂದ ಬರುವ ಮಗುವಿನ ಭಾರ ಬೇರೆಯದು. ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯ, ಮಡಿಕೇರಿಯ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ಇವುಗಳಲ್ಲಿ ಒಂದು ಸೀಟು ಸಿಕ್ಕಿತೆಂದರೆ ಆ ಕುಟುಂಬಕ್ಕೆ ಮಗುವಿನ ಊಟ, ವಸತಿ, ಓದು, ಬೂಟು ಎಲ್ಲದರ ಚಿಂತೆ ತೀರಿತು. ಓಡಿಸಿ, ನೆಗೆಸಿ, ಎತ್ತರ ಅಳೆದು ಆರಿಸುವ ಆ ಬೆಳಗು ಆ ಮನೆಯವರ ಪಾಲಿಗೆ ಒಂದು ಇಡೀ ಬದುಕಿನ ಪರೀಕ್ಷೆ. ಕಾಫಿ ಕೊಯ್ಲಿನ ಕೂಲಿ ಬಿಟ್ಟು ಮಗನನ್ನು ಕರೆತಂದು ದಿನವಿಡೀ ಕಟ್ಟೆಯ ಮೇಲೆ ಕಾಯುವ ತಾಯಿಗೆ ‘ಮಗುವಿಗೆ ಒತ್ತಡ ಹಾಕಬೇಡಿ’ ಎಂದು ಹೇಳುವ ಅಧಿಕಾರ ನನ್ನಂಥ ಸಂಬಳದ ಶಿಕ್ಷಕಿಗೆ ಇಲ್ಲ. ಆ ಮಗು ಆಟದಲ್ಲಿ ಸೋಲುವುದಕ್ಕೆ ಹೆದರುವುದಿಲ್ಲ, ಆಟದ ಜೊತೆ ಅನ್ನವೂ ಹೋಗುತ್ತದೆಂದು ಹೆದರುತ್ತದೆ. ಓದುವ ಹಕ್ಕು, ಉಣ್ಣುವ ಹಕ್ಕು ಗೋಲು ಹೊಡೆಯುವ ಸಾಮರ್ಥ್ಯಕ್ಕೆ ಜೋಡಣೆಯಾಗಿರುವವರೆಗೆ ಆ ಮನೆಗಳಲ್ಲಿ ಒತ್ತಡ ಇಳಿಯುವುದಿಲ್ಲ. ಇದು ಪೋಷಕರಿಗೆ ಬುದ್ಧಿ ಹೇಳಿ ಸರಿಪಡಿಸುವ ಸಂಗತಿಯೇ ಅಲ್ಲ. ಹಾಸ್ಟೆಲಿನಿಂದ ಆಟದ ಕಾರಣಕ್ಕೆ ಹೊರಬರುವ ಮಗುವಿಗೆ ಅದೇ ದಿನ ಇನ್ನೊಂದು ವಿದ್ಯಾರ್ಥಿ ನಿಲಯದಲ್ಲಿ ಜಾಗ ಸಿಗುವಂತಾದರೆ ಮಾತ್ರ ಅದು ಸರಿಹೋದೀತು.

ಇನ್ನು ದೇಹದ ವಿಷಯ. ಎಲುಬಿನ ತುದಿಗಳ ಬಳಿ ಮೃದ್ವಸ್ಥಿಯ ಒಂದು ಪದರವಿರುತ್ತದೆ, ಎಲುಬು ಉದ್ದವಾಗುವುದು ಅಲ್ಲಿಂದಲೇ ಎಂದು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಹರೆಯ ಮುಗಿಯುವ ಹೊತ್ತಿಗೆ ಆ ಪದರ ಗಟ್ಟಿಯಾಗಿ ಎಲುಬಿನಲ್ಲೇ ಸೇರಿಹೋಗುತ್ತದೆ. ಅಲ್ಲಿಯವರೆಗೆ ಅದು ಸುತ್ತಲಿನ ಎಲುಬಿಗಿಂತ, ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರಿಗಿಂತ ದುರ್ಬಲ. ಮಗು ಒಮ್ಮೆಲೇ ಎತ್ತರ ಬೆಳೆಯುವ ವರ್ಷಗಳಲ್ಲಿ ಎಲುಬು ಮುಂದೆ ಹೋಗಿ ಸ್ನಾಯು ಹಿಂದೆ ಉಳಿದಿರುತ್ತದೆ. ಆಗಲೇ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ, ಹಿಮ್ಮಡಿಯಲ್ಲಿ ನೋವು ಕಾಣಿಸುತ್ತದೆ. ಸೊಂಟ ಬಗ್ಗಿಸಿಯೇ ಓಡಬೇಕಾದ ಹಾಕಿಯಲ್ಲಿ ಬೆನ್ನಿನ ಕೆಳಭಾಗಕ್ಕೂ ಪಾಲಿದೆ. ಒಂದೇ ಆಟದ ಒಂದೇ ಚಲನೆಯನ್ನು ವರ್ಷವಿಡೀ ಬಿಡುವಿಲ್ಲದೆ ಮಾಡಿದಾಗ ಬರುವ ನೋವು ಇದು. ಬಿದ್ದು ಆದ ಗಾಯದಂತೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಇದನ್ನು ಸೋಮಾರಿತನವೆಂದು ತಿಳಿಯುವುದು ಸುಲಭ. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದೇ ಆಟಕ್ಕೆ ಮಗುವನ್ನು ಮೀಸಲಿಡುವುದನ್ನು 15 ಅಥವಾ 16ರ ವಯಸ್ಸಿನವರೆಗೆ ಮುಂದೂಡಬೇಕು, ವಾರಕ್ಕೆ ಒಂದೆರಡು ದಿನ ಬಿಡುವಿರಬೇಕು, ವರ್ಷದಲ್ಲಿ ಒಟ್ಟು ಮೂರು ತಿಂಗಳಾದರೂ ಆ ಆಟದಿಂದ ದೂರವಿರಬೇಕು, ಆ ಬಿಡುವನ್ನು ಒಂದೊಂದು ತಿಂಗಳಾಗಿ ಹಂಚಿಕೊಳ್ಳಬಹುದು ಎಂದು ಹೇಳಿತು.

ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಮಳೆಗಾಲ. ಜೂನ್ ಹಿಡಿದ ಮಳೆ ಆಗಸ್ಟ್ ಮಧ್ಯದಲ್ಲಿ ಕಕ್ಕಡ ತಿಂಗಳು ಮುಗಿಯುವವರೆಗೆ ಬಿಡದೆ ಸುರಿಯುವ ಈ ಸೀಮೆಯಲ್ಲಿ ಹುಲ್ಲಿನ ಮೈದಾನಗಳು ತಾವಾಗಿಯೇ ಮುಚ್ಚಿಹೋಗುತ್ತಿದ್ದವು. ಹಿಂದಿನವರು ಬೇಸಿಗೆಯಲ್ಲಿ ಹಾಕಿ ಆಡಿ, ಮಳೆಯಲ್ಲಿ ಗದ್ದೆಯ ಕೆಸರಿನಲ್ಲಿ ಓಡಿ, ಆಮೇಲೆ ಫುಟ್‌ಬಾಲ್ ಒದ್ದು ಬೆಳೆದರು. ವೈದ್ಯರು ಇಂದು ಬರೆದುಕೊಡುತ್ತಿರುವ ಬಿಡುವು ಅವರಿಗೆ ಆಕಾಶದಿಂದಲೇ ಬರುತ್ತಿತ್ತು. ಈಗ ಕೃತಕ ಹುಲ್ಲಿನ ಟರ್ಫ್ ಬಂದಿದೆ. ಅದು ಬೇಕಿತ್ತು, ಅದಿಲ್ಲದೆ ಮೇಲಿನ ಹಂತದ ಹಾಕಿ ಸಾಧ್ಯವೇ ಇಲ್ಲ. ಆದರೆ ಟರ್ಫ್ ಜೊತೆಗೆ ವರ್ಷವಿಡೀ ಅಭ್ಯಾಸ ಎಂಬ ಕಲ್ಪನೆಯೂ ಬಂತು, ಮಳೆಯ ತಿಂಗಳುಗಳಲ್ಲಿ ಫಿಟ್‌ನೆಸ್ ಕ್ಯಾಂಪ್, ಶನಿವಾರ ಭಾನುವಾರ ಬೆಂಗಳೂರಿಗೋ ಮೈಸೂರಿಗೋ ಓಡಾಟವೂ ಬಂತು. ದೊಡ್ಡವರಿಗೇ ಬಳಲಿಕೆಯಾಗುವ ಘಾಟಿ ರಸ್ತೆಯ ಆ ಪ್ರಯಾಣವನ್ನು ಮಕ್ಕಳು ಹೋಮ್‌ವರ್ಕ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಮಾಡುತ್ತಾರೆ.

ಆಯ್ಕೆಯ ವಿಷಯದಲ್ಲಿ ಪೋಷಕರಿಗೆ ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ವಯೋಮಿತಿಯ ಪಂದ್ಯಗಳಲ್ಲಿ ಸಾಮಾನ್ಯವಾಗಿ ಜನವರಿ 1ನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಆ ಗಡಿಯ ಒಳಗೆ ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವೂ ಒಂದೇ ವರ್ಷದವರು. ಹನ್ನೆರಡರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಎತ್ತರ, ತೂಕ, ಓಟದ ವೇಗ ಎಲ್ಲದರಲ್ಲೂ ಎದ್ದು ಕಾಣುವ ಅಂತರ. ಕೆನಡಾದ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲೇ ಇದನ್ನು ತೋರಿಸಿಕೊಟ್ಟರು: ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಮೊದಲು ಬೆಳೆದವನು ಆಯ್ಕೆಯಾಗುತ್ತಾನೆ, ಆಯ್ಕೆಯಾದವನಿಗೆ ಒಳ್ಳೆಯ ಕೋಚ್ ಸಿಗುತ್ತಾರೆ, ಹೆಚ್ಚು ಪಂದ್ಯ ಸಿಗುತ್ತದೆ, ಹಾಗಾಗಿ ಅವನು ನಿಜವಾಗಿಯೂ ಉತ್ತಮನಾಗುತ್ತಾನೆ. ನವೆಂಬರ್‌ನಲ್ಲಿ ಹುಟ್ಟಿದ ಹುಡುಗನಿಗೆ ಪ್ರತಿಭೆಯಿಲ್ಲವೆಂದು ಅವನ ಮನೆಯವರು ನಂಬಿಬಿಡುತ್ತಾರೆ. ಅವನಿಗೆ ಕಡಿಮೆಯಿದ್ದದ್ದು ಕೆಲವು ತಿಂಗಳು, ಅಷ್ಟೆ. ಇದೇ ಅಂತರವನ್ನು ಕಾಗದದ ಮೇಲೆ ಗಳಿಸಿಕೊಳ್ಳುವ ದುರಾಸೆಯೇ ವಯಸ್ಸಿನ ವಂಚನೆ. ಅದನ್ನು ತಡೆಯಲು ಕೇಂದ್ರ ಸರ್ಕಾರ 2010ರಲ್ಲಿ ನೀತಿಸಂಹಿತೆಯೊಂದನ್ನು ತರಬೇಕಾಯಿತು, ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡುವ ಕ್ರಮ ಕ್ರೀಡೆಗೆ ಬಂತು. ತನ್ನ ಹುಟ್ಟಿದ ದಿನದ ಬಗ್ಗೆ ಸುಳ್ಳು ಹೇಳಬೇಕೆಂದು ಅಪ್ಪನಿಂದಲೇ ಕಲಿಯುವ ಮಗು ಕ್ರೀಡಾ ಮನೋಭಾವವನ್ನು ಯಾರಿಂದ ಕಲಿಯಬೇಕು?

ಹುಡುಗಿಯರ ಕಷ್ಟಕ್ಕೆ ಇನ್ನೊಂದು ಪದರವಿದೆ. ಮೈದಾನಗಳಲ್ಲಿ ಬಟ್ಟೆ ಬದಲಿಸಲು ಕೋಣೆಯಿರುವುದಿಲ್ಲ, ಶೌಚಾಲಯವಿದ್ದರೆ ನೀರಿರುವುದಿಲ್ಲ. ಮುಟ್ಟಿನ ದಿನ ಪಂದ್ಯ ಬಂದರೆ ಹೇಳಿಕೊಳ್ಳಲಾಗದೆ ನೀರು ಕುಡಿಯುವುದನ್ನೇ ಬಿಟ್ಟು ಆಡುವವರನ್ನು ಕಂಡಿದ್ದೇನೆ. ರಕ್ತಹೀನತೆಯಿಂದ ದ್ವಿತೀಯಾರ್ಧದಲ್ಲಿ ಓಡಲಾಗದ ಹುಡುಗಿಗೆ ‘ಮನಸ್ಸಿಟ್ಟು ಆಡುವುದಿಲ್ಲ’ ಎಂಬ ಹೆಸರು ಅಂಟಿದ್ದನ್ನೂ, ವೈದ್ಯರು ಪರೀಕ್ಷೆ ಮಾಡಿ ಔಷಧಿ ಕೊಟ್ಟ ಮೇಲೆ ಅದೇ ಹುಡುಗಿ ಚೆನ್ನಾಗಿ ಓಡಿದ್ದನ್ನೂ ಕಂಡಿದ್ದೇನೆ. ಕಠಿಣ ಅಭ್ಯಾಸಕ್ಕೆ ತಕ್ಕ ಊಟವಿಲ್ಲದಿದ್ದರೆ ಮುಟ್ಟು ನಿಂತುಹೋಗಬಹುದು, ಎಲುಬು ದುರ್ಬಲವಾಗಬಹುದು ಎಂಬ ಮಾತನ್ನು ತಂಡದ ಜೊತೆ ಹೋಗುವ ಪ್ರತಿಯೊಬ್ಬ ಶಿಕ್ಷಕಿಯೂ ತಾಯಂದಿರಿಗೆ ಹೇಳಬೇಕು.

ಪೋಷಕರ ಪಾಡನ್ನು ಬರೆಯದೆ ಹೋದರೆ ಈ ಬರಹ ಅನ್ಯಾಯವಾಗುತ್ತದೆ. ದಕ್ಷಿಣ ಕೊಡಗಿನ ತೋಟದ ದಾರಿಗಳಲ್ಲಿ ಸಂಜೆಯಾದರೆ ಆನೆಯ ಭಯ. ಅಭ್ಯಾಸ ಮುಗಿದ ಮಗುವನ್ನು ಬಸ್ಸಿನಲ್ಲಿ ಬಾ ಎಂದು ಹೇಳುವಂತಿಲ್ಲ. ಅಪ್ಪನೋ ಅಮ್ಮನೋ ಕತ್ತಲಾಗುವ ಮೊದಲು ಮೈದಾನದ ಬಳಿ ಬಂದು ನಿಂತಿರಲೇಬೇಕು. ಸ್ಟಿಕ್ ಮುರಿದರೆ ಹೊಸದು, ಕಾಲು ಬೆಳೆದರೆ ಬೂಟು ಹೊಸದು. ಗೋಲ್‌ಕೀಪರ್ ಆಗುತ್ತೇನೆಂದು ಮಗು ಹೇಳಿದರೆ ಆ ಪ್ಯಾಡು, ಹೆಲ್ಮೆಟ್ಟುಗಳ ಬೆಲೆ ಕೇಳಿ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಇಷ್ಟೆಲ್ಲ ಖರ್ಚು ಮಾಡಿದ ಮನುಷ್ಯ ಅದಕ್ಕೆ ಪ್ರತಿಫಲ ಬಯಸುವುದು ಸಹಜ. ಪ್ರತಿಫಲವೆಂದರೆ ಇಲ್ಲಿ ಸರ್ಟಿಫಿಕೇಟ್. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ, ರೈಲ್ವೆಯಲ್ಲಿ, ಸೇನೆಯಲ್ಲಿ ಕ್ರೀಡಾಪಟುಗಳಿಗೆ ಅವಕಾಶವಿದೆ. ಇವೆಲ್ಲ ನಿಜವಾದ ಬಾಗಿಲುಗಳು, ಅವುಗಳಿಂದ ಮೇಲೆ ಬಂದ ಕುಟುಂಬಗಳು ನಮ್ಮ ನಡುವೆಯೇ ಇವೆ. ಆದರೆ ಒಂದು ರಾಜ್ಯ ತಂಡದಲ್ಲಿ ಇರುವುದು 18 ಜಾಗ. ಜಿಲ್ಲೆಯ ಯಾವುದೇ ಬೇಸಿಗೆ ಶಿಬಿರದಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳು ಒಂದೇ ಬೆಳಿಗ್ಗೆ ಸಾಲು ನಿಂತಿರುತ್ತಾರೆ. ಬಾಗಿಲು ಇದೆಯೆಂದು ಹೇಳುವವರು ಅದರ ಅಗಲವನ್ನೂ ಹೇಳಬೇಕು.

ವಿಚಿತ್ರವೆಂದರೆ ಇದೇ ಪೋಷಕರು ಮಗು ಎಸ್‌ಎಸ್‌ಎಲ್‌ಸಿಗೆ ಕಾಲಿಟ್ಟ ಕೂಡಲೇ ಸ್ಟಿಕ್ ಕಸಿದುಕೊಂಡು ಅಟ್ಟಕ್ಕೆ ಹಾಕುತ್ತಾರೆ. ಒಂಬತ್ತನೆಯ ತರಗತಿಯವರೆಗೆ ಬಿಡಬಾರದಾಗಿದ್ದ ಆಟ ಹತ್ತನೆಯ ತರಗತಿಯಲ್ಲಿ ಮುಟ್ಟಬಾರದ್ದಾಗುತ್ತದೆ. ಎರಡು ತೀರ್ಮಾನಗಳಲ್ಲಿಯೂ ಮಗುವನ್ನು ಯಾರೂ ಕೇಳಿರುವುದಿಲ್ಲ.

ಈಗ ನನ್ನನ್ನು ಬಹುಕಾಲ ಕಾಡಿದ ಸಂಗತಿಗೆ ಬರುತ್ತೇನೆ. ಒಮ್ಮೆ ಜಿಲ್ಲಾ ಮಟ್ಟದ ಪಂದ್ಯ ಮುಗಿಸಿ ಹಿಂದಿರುಗುವಾಗ ನಮ್ಮ ತಂಡದ ಅತ್ಯಂತ ವೇಗದ ಫಾರ್ವರ್ಡ್ ಆಗಿದ್ದ ಹುಡುಗಿ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕುಳಿತಳು. ಗೆದ್ದ ದಿನವದು. ‘ಮಿಸ್, ನನಗೆ ಸಾಕಾಗಿದೆ’ ಎಂದಳು. ಯಾಕಮ್ಮ ಎಂದು ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ. ಯಾರೂ ಬೈದಿರಲಿಲ್ಲ, ಯಾರೂ ಹೊಡೆದಿರಲಿಲ್ಲ, ಆಟ ಚೆನ್ನಾಗಿಯೇ ಬರುತ್ತಿತ್ತು. ಸಾಕೆನಿಸಿತ್ತು, ಅಷ್ಟೆ. ‘ಅಪ್ಪನಿಗೆ ಹೇಳಬೇಡಿ ಮಿಸ್’ ಎಂದು ಹೇಳಿ ಎದ್ದುಹೋದಳು. ಎರಡು ವಾರ ಕಳೆಯುವುದರೊಳಗೆ ಅವಳಿಗೆ ಮಂಡಿನೋವು ಬಂತು.

ಆ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಅವಳ ವಯಸ್ಸಿಗೆ, ಅವಳ ಅಭ್ಯಾಸಕ್ಕೆ ಮಂಡಿನೋವು ಬರಲು ಸಾಕಷ್ಟು ಕಾರಣಗಳಿದ್ದವು. ಆದರೆ ಆಮೇಲೆ ಗಮನಿಸುತ್ತ ಹೋದಂತೆ ನನಗೆ ಸ್ಪಷ್ಟವಾದ ವಿಷಯವೇನೆಂದರೆ, ಆಟದಿಂದ ಹೊರಬರಲು ದೊಡ್ಡವರು ಒಪ್ಪುವ ಕಾರಣ ಒಂದೇ, ಅದು ಗಾಯ. ‘ಮನಸ್ಸಿಲ್ಲ’ ಎಂದರೆ ಉಪದೇಶ ಸಿಗುತ್ತದೆ, ‘ಬೇಸರವಾಗಿದೆ’ ಎಂದರೆ ಸಾಧಕರ ಕಥೆ ಸಿಗುತ್ತದೆ, ‘ನೋವಾಗುತ್ತಿದೆ’ ಎಂದರೆ ಮಾತ್ರ ರಜೆ ಸಿಗುತ್ತದೆ. ಮಕ್ಕಳು ಇದನ್ನು ಬಹಳ ಬೇಗ ಕಲಿಯುತ್ತಾರೆ. ಹಾಗಾಗಿ ಬಿಡಬೇಕೆನಿಸಿದ ಮಗು ತನ್ನ ದೇಹದಲ್ಲಿ ನೋವನ್ನು ಹುಡುಕುತ್ತದೆ, ಹುಡುಕಿದರೆ ಅದು ಸಿಕ್ಕಿಯೂ ಸಿಗುತ್ತದೆ. ಇತ್ತ, ಆಡಲೇಬೇಕೆಂಬ ಹಂಬಲವಿರುವ ಮಗು ಟ್ರಯಲ್ಸ್ ತಪ್ಪುತ್ತದೆಂಬ ಭಯದಲ್ಲಿ ನಿಜವಾದ ನೋವನ್ನು ಸಾಕ್ಸ್ ಒಳಗೆ ಬ್ಯಾಂಡೇಜು ಸುತ್ತಿ ಮುಚ್ಚಿಡುತ್ತದೆ. ಹೀಗೆ ನಾವು ಎರಡು ಬಗೆಯ ಮಕ್ಕಳಿಂದಲೂ ತಮ್ಮ ದೇಹದ ಬಗ್ಗೆ ಸತ್ಯ ಹೇಳುವ ಅಭ್ಯಾಸವನ್ನು ಕಿತ್ತುಕೊಂಡಿದ್ದೇವೆ. ಸ್ಪರ್ಧೆಯಿಂದ ಮಕ್ಕಳಿಗಾಗುವ ಹಾನಿಗಳಲ್ಲಿ ನನಗೆ ಅತ್ಯಂತ ಗಂಭೀರವಾಗಿ ತೋರುವುದು ಇದೇ. ಸೋಲಿನ ನೋವು ಮಾಯುತ್ತದೆ, ಕಾಲಿನ ನೋವೂ ಬಹುಪಾಲು ಮಾಯುತ್ತದೆ. ನನ್ನ ಇಷ್ಟಾನಿಷ್ಟಕ್ಕೆ ಬೆಲೆಯಿಲ್ಲ, ನನ್ನ ಗಾಯಕ್ಕೆ ಮಾತ್ರ ಬೆಲೆಯಿದೆ ಎಂದು ಕಲಿತ ಮಗು ಆ ಪಾಠವನ್ನು ಮುಂದೆ ಕಾಲೇಜಿಗೆ, ಕೆಲಸಕ್ಕೆ, ಮದುವೆಗೆ ಕೊಂಡೊಯ್ಯುತ್ತದೆ.

ಆ ಹುಡುಗಿಯ ತಂದೆ ಒಳ್ಳೆಯ ಮನುಷ್ಯರು. ಅವಳ ಒಪ್ಪಿಗೆ ಪಡೆದೇ ಅವರ ಜೊತೆ ಮಾತನಾಡಿದೆ. ‘ಇಷ್ಟು ವರ್ಷ ಆಡಿಸಿದ್ದೇವೆ ಮೇಡಂ, ಈಗ ಬಿಟ್ಟರೆ ಹೇಗೆ?’ ಎಂದು ಕೇಳಿದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ದಿಗಿಲಿತ್ತು. ಬೆಳಗಿನ ಜಾವದ ಚಳಿಯಲ್ಲಿ ಮಗಳ ಜೊತೆ ಮೈದಾನಕ್ಕೆ ಹೋಗುತ್ತಿದ್ದ ಆ ಸಮಯವೇ ಅವರಿಬ್ಬರ ನಡುವಿನ ಮಾತುಕತೆಯ ಸಮಯವೂ ಆಗಿತ್ತು. ಮಗಳು ಆಟ ಬಿಟ್ಟರೆ ತನ್ನನ್ನೂ ಬಿಟ್ಟಂತೆ ಎಂದು ಅವರಿಗೆ ಅನಿಸಿತ್ತೆಂದು ನನಗೆ ಆಮೇಲೆ ಅರ್ಥವಾಯಿತು. ಪೋಷಕರ ಒತ್ತಡವನ್ನು ಬರೀ ಮಹತ್ವಾಕಾಂಕ್ಷೆಯೆಂದು ಬಣ್ಣಿಸುವವರು ಈ ಭಾಗವನ್ನು ಕಾಣುವುದಿಲ್ಲ. ಎಷ್ಟೋ ಅಪ್ಪಂದಿರಿಗೆ ಮಕ್ಕಳ ಜೊತೆ ಮಾತನಾಡಲು ಗೊತ್ತಿರುವುದು ಆಟದ ಭಾಷೆ ಒಂದೇ. ಆ ಹುಡುಗಿ ಆ ವರ್ಷದ ಉಳಿದ ಪಂದ್ಯಗಳನ್ನು ಆಡಲಿಲ್ಲ. ಬೇಸಿಗೆಯಲ್ಲಿ ತಮ್ಮ ಒಕ್ಕದ ತಂಡದಲ್ಲಿ ಚಿಕ್ಕಪ್ಪನ ಪಕ್ಕದಲ್ಲಿ ಆಡಿದಳು, ಮೊದಲ ಪಂದ್ಯದಲ್ಲೇ ಸೋತರು. ಈಗ ಪದವಿ ಓದುತ್ತಿದ್ದಾಳೆ. ಕಾಲೇಜು ತಂಡಕ್ಕೆ ತಾನಾಗಿಯೇ ಹೆಸರು ಕೊಟ್ಟಿದ್ದಾಳೆಂದು ಅವಳ ತಂದೆಯೇ ಫೋನ್ ಮಾಡಿ ಹೇಳಿದರು. ಅವಳು ಮತ್ತೆ ಆಡದೇ ಇದ್ದಿದ್ದರೂ ನನ್ನ ಅಭಿಪ್ರಾಯ ಬದಲಾಗುತ್ತಿರಲಿಲ್ಲ. ಮರಳಿ ಬರುತ್ತಾರೆಂಬ ನಿರೀಕ್ಷೆಯಿಂದ ಕೊಡುವ ಬಿಡುವು ನಿಜವಾದ ಬಿಡುವಲ್ಲ.

ಸ್ಪರ್ಧೆಯನ್ನು ತಡವಾಗಿ ಆರಂಭಿಸಿದರೆ ದೇಶಕ್ಕೆ ಪದಕ ಬರುವುದಿಲ್ಲವೆಂದು ವಾದಿಸುವವರಿಗೆ ನಾರ್ವೆಯ ಉದಾಹರಣೆ ಕೊಡುತ್ತೇನೆ. ಆ ದೇಶದ ಕ್ರೀಡಾ ಒಕ್ಕೂಟ ಮಕ್ಕಳ ಕ್ರೀಡೆಗೆ 1987ರಿಂದಲೇ ನಿಯಮಗಳನ್ನು ರೂಪಿಸಿದೆ. ಅವುಗಳ ಈಗಿನ ರೂಪದ ಪ್ರಕಾರ ಮಗುವಿಗೆ 11 ತುಂಬುವ ವರ್ಷದವರೆಗೆ ಫಲಿತಾಂಶದ ಪಟ್ಟಿ, ಅಂಕಪಟ್ಟಿ, ರ್‍ಯಾಂಕ್ ಇರುವುದಿಲ್ಲ. 13 ತುಂಬುವ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಯಾವ ಆಟ, ಎಷ್ಟು ಆಟ ಎಂಬುದನ್ನು ಮಗುವೇ ಹೇಳಬೇಕು. ಸುಮಾರು 55 ಲಕ್ಷ ಜನರ ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕಗಳೊಂದಿಗೆ ಎಲ್ಲರಿಗಿಂತ ಮುಂದಿತ್ತು, 2022ರಲ್ಲಿ 16 ಚಿನ್ನ ಗೆದ್ದಿತು. ಹಣ, ಹಿಮ, ಸೌಲಭ್ಯ ಎಲ್ಲವೂ ಅವರಿಗಿದೆ, ಆ ನಿಯಮಗಳಿಂದಲೇ ಪದಕ ಬಂತೆಂದು ಹೇಳಲಾಗದು. ಆದರೆ ಮಕ್ಕಳನ್ನು ಬೇಗ ತೂಗಿ ನೋಡದಿದ್ದರೆ ದೊಡ್ಡವರ ಆಟ ಹಾಳಾಗುತ್ತದೆಂಬ ಭಯಕ್ಕೆ ಅಲ್ಲಿ ಆಧಾರ ಸಿಕ್ಕಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ, ಬಿಡುವು, ಆಟ ಇವನ್ನು ಒಟ್ಟಿಗೇ ಹೇಳಿದೆ. 1992ರಲ್ಲಿ ಅದನ್ನು ಒಪ್ಪಿಕೊಂಡ ದೇಶ ನಮ್ಮದು.

ನಮ್ಮ ಶಾಲೆಯ ಪಿಟಿ ಮಾಸ್ಟರ್ ಜೊತೆ ಈ ವಿಷಯದಲ್ಲಿ ನಾನು ಬಹಳ ಚರ್ಚಿಸಿದ್ದೇನೆ. ಆಟದಲ್ಲಿಯೇ ಬದುಕು ಕಳೆದ ಅವರಿಗೆ ನನ್ನ ಮಾತು ಪೂರ್ತಿ ಒಪ್ಪಿಗೆಯಾಗಿಲ್ಲ. ತಾಲ್ಲೂಕು ಮಟ್ಟದ ಪಂದ್ಯಗಳು ಮಳೆಗಾಲದ ಕೊನೆಯಲ್ಲೇ ಬರುತ್ತವೆ, ಅರ್ಧ ಮಕ್ಕಳು ಬಿಡುವು ಕೇಳಿದರೆ ಹನ್ನೊಂದು ಜನರನ್ನು ಎಲ್ಲಿಂದ ತರಲಿ ಎಂದು ಅವರು ಕೇಳುತ್ತಾರೆ. ಬೇಸರ ಬಂದಾಗಲೂ ಮೈದಾನಕ್ಕೆ ಬರುವುದನ್ನು ಕಲಿಸುವುದೇ ಆಟದ ಅರ್ಧ ಶಿಕ್ಷಣ ಎಂದೂ ಹೇಳುತ್ತಾರೆ. ಎರಡೂ ಮಾತುಗಳಲ್ಲಿ ಹುರುಳಿದೆ. ಒಂದು ದಿನದ ಬೇಸರವನ್ನೂ ತಿಂಗಳುಗಟ್ಟಲೆ ಒಳಗೇ ಬೆಳೆದ ‘ಸಾಕು’ ಎಂಬ ಭಾವವನ್ನೂ ಬೇರೆ ಮಾಡಿ ನೋಡುವುದು ಸುಲಭವಲ್ಲ. ಮಗುವಿನ ಜೊತೆ ನಿತ್ಯ ಇರುವವರು ಕೇಳುವ ಮನಸ್ಸು ಮಾಡಿದರೆ ಅಸಾಧ್ಯವೂ ಅಲ್ಲ.

ಕೊನೆಗೆ ನಾವಿಬ್ಬರೂ ಒಪ್ಪಿದ್ದು ಇಷ್ಟು. ಏಳನೆಯ ತರಗತಿಯವರೆಗೆ ಹಾಕಿಯ ಪ್ರತ್ಯೇಕ ಪಟ್ಟಿ ಬೇಡ, ಎಲ್ಲರೂ ಎಲ್ಲ ಆಟ ಆಡಲಿ. ಎಂಟನೆಯ ತರಗತಿಯಿಂದ ಮೇಲೆ, ತಂಡದಲ್ಲಿರುವ ಯಾವ ಮಗುವಾದರೂ ವರ್ಷದಲ್ಲಿ ಒಂದು ಅವಧಿಗೆ ಬಿಡುವು ಕೇಳಬಹುದು, ಹಿಂದಿರುಗಿ ಬಂದರೆ ಅಭ್ಯಾಸಕ್ಕೆ ಎಲ್ಲರಂತೆ ಸೇರಿಸಿಕೊಳ್ಳಬೇಕು, ಬಾರದಿದ್ದರೆ ಯಾರೂ ಮನೆಗೆ ಹೋಗಿ ಮನವೊಲಿಸಬಾರದು. ಪಂದ್ಯದ ವೇಳೆ ಪೋಷಕರು ಗೋಲಿನ ಹಿಂದೆ ನಿಲ್ಲದೆ ಎದುರಿನ ಗ್ಯಾಲರಿಯಲ್ಲಿ ಕೂರಬೇಕು, ಸೂಚನೆ ಕೊಡುವವರು ಕೋಚ್ ಒಬ್ಬರೇ ಆಗಿರಬೇಕು. ಬಿಡುವಿನ ಅರ್ಜಿಯ ಮಾದರಿಯನ್ನು ಮಾಸ್ಟರ್ ಅವರೇ ಬರೆದುಕೊಟ್ಟರು. ಅದರಲ್ಲಿದ್ದ ‘ಕಾರಣ’ ಎಂಬ ಸಾಲನ್ನು ತೆಗೆದುಹಾಕಬೇಕೆಂದು ನಾನು ಕೇಳಿದ್ದೇನೆ, ಅದಿಲ್ಲದಿದ್ದರೆ ಮುಖ್ಯೋಪಾಧ್ಯಾಯರು ಸಹಿ ಹಾಕುವುದಿಲ್ಲವೆಂದು ಅವರು ಹೇಳುತ್ತಿದ್ದಾರೆ. ಜೂನ್‌ನ ಪೋಷಕರ ಸಭೆಯಲ್ಲಿ ಅರ್ಜಿಯನ್ನು ಎಲ್ಲರ ಮುಂದಿಡುತ್ತೇವೆ. ಆ ಸಭೆಗೆ ಎಂಟನೆಯ ತರಗತಿಯ ಮಕ್ಕಳನ್ನೂ ಕರೆಯಬೇಕೆಂದು ಪತ್ರ ಬರೆದು ಕೊಟ್ಟಿದ್ದೇನೆ.